ಮಂಕು ಕವಿದ ಮನಸ್ಸು



ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳೆಂದರೆ ಚರಿತ್ರೆಯ ವಿದ್ಯಾರ್ಥಿಗೆ ಶಾಸನಗಳ ಕಣಜವಿದ್ದಂತೆ. ರೈಸ್ ಮಹಾಶಯರು ೧೯೦೨ರಲ್ಲಿಯೂ ೧೯೦೪ರಲ್ಲಿಯೂ ಅಚ್ಚು ಹಾಕಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಎಂಟನೆಯ ಸಂಪುಟಗಳನ್ನು ತೆರೆದರೆ ಈ ಸೀಮೆಯ ಅರಸರೂ ದಾನಿಗಳೂ, ತುರುಗಳನ್ನು ಕಾಯುವುದಕ್ಕಾಗಿ ಮಡಿದ ವೀರರೂ ಸಾಲುಸಾಲಾಗಿ ನಮ್ಮೆದುರಿಗೆ ಬಂದು ನಿಲ್ಲುತ್ತಾರೆ. ಯಾರು ಯಾರನ್ನು ಗೆದ್ದರು, ಯಾವ ಕೆರೆಯನ್ನು ಯಾರು ಕಟ್ಟಿಸಿದರು, ಯಾವ ದೇವರಿಗೆ ಎಷ್ಟು ಗದ್ದೆಯನ್ನು ಬಿಟ್ಟರು ಎಂಬುದನ್ನೆಲ್ಲ ಕಲ್ಲು ಬಾಯಿಬಿಟ್ಟು ಹೇಳುತ್ತದೆ. ಆದರೆ ಈ ಜನರ ಮನಸ್ಸು ಕುಸಿದಾಗ ಏನಾಗುತ್ತಿತ್ತು? ಹೊರಗೆ ಗಾಯವಿಲ್ಲದೆ, ಜ್ವರವಿಲ್ಲದೆ, ಒಳಗೇ ಬಾಡಿಹೋಗುವ ಮನುಷ್ಯನಿಗೆ ಅವರು ಏನು ಮಾಡುತ್ತಿದ್ದರು? ಅಂದಿನಿಂದ ಇಂದಿನವರೆಗೆ ಆ ವಿಷಯದಲ್ಲಿ ನಮ್ಮ ತಿಳಿವಳಿಕೆ ಎಷ್ಟು ಮುಂದೆ ಬಂದಿದೆ? ಈ ಪ್ರಶ್ನೆಗಳನ್ನು ಕುರಿತು ತಮ್ಮೊಡನೆ ಸ್ವಲ್ಪ ಹೊತ್ತು ಆಲೋಚಿಸಬೇಕೆಂಬುದು ನನ್ನ ಇಂದಿನ ಉದ್ದೇಶ.

ಈ ವ್ಯಾಧಿಗೆ ಇಂದಿನ ಶಾಸ್ತ್ರಜ್ಞರು ‘ಖಿನ್ನತೆ’ ಎಂದು ಹೆಸರಿಟ್ಟಿದ್ದಾರೆ. ಹಳೆಯ ಗ್ರಂಥಗಳಲ್ಲಿ ‘ವಿಷಾದ’ವೆಂಬ ಮಾತಿದೆ. ನಮ್ಮ ಹಳ್ಳಿಯವರು ಇವೆರಡನ್ನೂ ಬಳಸುವುದಿಲ್ಲ. ‘ಅವನಿಗೆ ಮಂಕು ಕವಿದಿದೆ’ ಎನ್ನುತ್ತಾರೆ. ನನಗೇನೋ ಈ ಮೂರರಲ್ಲಿ ಹಳ್ಳಿಯವರ ಮಾತೇ ಹೆಚ್ಚು ನಿಜವೆಂದು ತೋರುತ್ತದೆ. ದುಃಖವು ಬೇರೆ, ಮಂಕು ಬೇರೆ. ದುಃಖಕ್ಕೆ ಒಂದು ಕಾರಣವಿರುತ್ತದೆ. ಅದು ಅತ್ತು ಹಗುರವಾಗುತ್ತದೆ. ಕಾಲ ಕಳೆದಂತೆ ಇಳಿಯುತ್ತದೆ. ಮಂಕಾದರೋ ದೀಪಕ್ಕೆ ಕವಿದ ಹೊಗೆಯಂತೆ. ಉಂಡದ್ದು ರುಚಿಸದು, ನಿದ್ದೆ ಬಾರದು, ಪ್ರೀತಿಯ ಮಕ್ಕಳು ಹತ್ತಿರ ಬಂದರೂ ಮನಸ್ಸು ಅರಳದು. ತಾನು ಯಾವುದಕ್ಕೂ ಬಾರದವನು ಎಂಬ ಒಂದೇ ಯೋಚನೆ ಗಾಣದೆತ್ತಿನಂತೆ ಸುತ್ತುತ್ತಿರುತ್ತದೆ. ಎರಡು ವಾರಗಳಿಗೂ ಹೆಚ್ಚು ಕಾಲ ಈ ಸ್ಥಿತಿ ಬಿಡದೆ ನಿಂತಿತೆಂದರೆ ಅದನ್ನು ವ್ಯಾಧಿಯೆಂದು ಪರಿಗಣಿಸಬೇಕೆಂದು ವೈದ್ಯರು ಹೇಳುತ್ತಾರೆ.

ದುಃಖಕ್ಕೂ ಮಂಕಿಗೂ ಇರುವ ಈ ಅಂತರವನ್ನು ಆಲೋಚಿಸುವವರಿಗೆ ಶಿಕಾರಿಪುರ ಸೀಮೆಯಲ್ಲಿಯೇ ಒಂದು ಪ್ರಸಿದ್ಧ ಕಥೆಯುಂಟು. ಅಲ್ಲಮಪ್ರಭುವಿನ ಊರು ಬಳ್ಳಿಗಾವೆ. ಹರಿಹರ ಕವಿಯು ತನ್ನ ಪ್ರಭುದೇವರ ರಗಳೆಯಲ್ಲಿ ಹೇಳುವಂತೆ ಅಲ್ಲಮನು ಮದ್ದಳೆಯಲ್ಲಿ ನಿಪುಣನಾದ ತರುಣ. ಕಾಮಲತೆಯೆಂಬವಳನ್ನು ಒಲಿದು ವರಿಸಿದನು. ಆಕೆ ಜ್ವರದಿಂದ ತೀರಿಕೊಂಡಳು. ಅಲ್ಲಮನು ಮತಿಗೆಟ್ಟವನಂತೆ ಅಲೆದನು. ಒಂದು ತೋಪಿನಲ್ಲಿ ಕುಳಿತು ಕಾಲಿನ ಉಗುರಿನಿಂದ ಸುಮ್ಮನೆ ನೆಲವನ್ನು ಕೆದಕುತ್ತಿದ್ದನು. ಆಗ ನೆಲದೊಳಗಿಂದ ಒಂದು ದೇಗುಲದ ಕಳಶದ ತುದಿ ಕಂಡಿತು. ಅಗೆಸಿ ಒಳಗೆ ಹೋದಾಗ ಅಲ್ಲಿ ಅನಿಮಿಷನೆಂಬ ಯೋಗಿ ಇದ್ದನು. ಮುಂದಿನದೆಲ್ಲ ತಮಗೆ ತಿಳಿದೇ ಇದೆ. ಈ ಕಥೆಯನ್ನು ಭಕ್ತರು ಗುರುದರ್ಶನದ ಕಥೆಯೆಂದು ಓದುತ್ತಾರೆ, ಅದು ಯುಕ್ತವೇ. ಆದರೆ ಕಾಲಿನ ಉಗುರಿನಿಂದ ನೆಲ ಕೆದಕುತ್ತ ಕುಳಿತ ಆ ತರುಣನ ಚಿತ್ರವನ್ನು ಬರೆದ ಕವಿಗೆ ಶೋಕದ ಲಕ್ಷಣಗಳು ಚೆನ್ನಾಗಿ ಗೊತ್ತಿದ್ದುವೆಂಬುದರಲ್ಲಿ ಸಂಶಯವಿಲ್ಲ. ಅಲ್ಲಮನ ಶೋಕಕ್ಕೆ ಕಾರಣವೂ ಇತ್ತು, ಕೊನೆಗೆ ದಾರಿಯೂ ದೊರೆಯಿತು. ಕೆದಕಿದಲ್ಲೆಲ್ಲ ಬರಿಯ ಮಣ್ಣೇ ಸಿಕ್ಕುವವರ ಕಥೆಯನ್ನು ಮಾತ್ರ ಯಾವ ಕವಿಯೂ ರಗಳೆಯಾಗಿ ಹಾಡಲಿಲ್ಲ.

ಅದೇ ತಾಲ್ಲೂಕಿನ ಬಂದಳಿಕೆಯಲ್ಲಿ ಹತ್ತನೆಯ ಶತಮಾನದ ಆರಂಭದ ಒಂದು ಶಾಸನವಿದೆ. ನಾಗರಖಂಡ ಎಪ್ಪತ್ತರ ಅಧಿಕಾರಿಯಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಂಡಾಗ ಅವನ ಹೆಂಡತಿ ಜಕ್ಕಿಯಬ್ಬೆಗೆ ಆ ನಾಡಿನ ಗೌಂಡಿಕೆ ದೊರೆಯಿತು. ಹೆಣ್ಣಾದರೂ ಆಕೆ ಆ ಭಾರವನ್ನು ಸಮರ್ಥವಾಗಿ ಹೊತ್ತಳೆಂದು ಶಾಸನವು ಹೊಗಳುತ್ತದೆ. ಕೊನೆಗೆ ದೇಹದಲ್ಲಿ ವ್ಯಾಧಿ ಬಲಿತಾಗ ಮಗಳನ್ನು ಕರೆದು ಎಲ್ಲವನ್ನೂ ಒಪ್ಪಿಸಿ, ಬಂದಳಿಕೆಯ ಬಸದಿಗೆ ಬಂದು ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟಳು. ಸಲ್ಲೇಖನವು ಜೈನ ಧರ್ಮದ ಒಂದು ವ್ರತ. ಅದನ್ನು ನಿರಾಶೆಯ ಸಾವಿನೊಡನೆ ಸೇರಿಸಿ ಹೇಳುವುದು ತಪ್ಪಾದೀತು. ನಾನು ಈ ಶಾಸನವನ್ನು ಎತ್ತಿದುದು ಬೇರೊಂದು ಕಾರಣಕ್ಕೆ. ಗಂಡನ ಸಾವಿಗೂ ಆಕೆಯ ಅಧಿಕಾರ ಸ್ವೀಕಾರಕ್ಕೂ ನಡುವೆ ಆಕೆಯ ಮನಸ್ಸಿನಲ್ಲಿ ಏನು ನಡೆಯಿತೆಂಬುದು ಅಲ್ಲಿಲ್ಲ. ಶಾಸನವು ನಿಶ್ಚಯಗಳನ್ನು ಬರೆದಿಡುತ್ತದೆ. ನಿಶ್ಚಯಕ್ಕೆ ಮುಂಚಿನ ರಾತ್ರಿಗಳನ್ನು ಬರೆದಿಡುವುದಿಲ್ಲ. ಮನೋವ್ಯಥೆಯ ಚರಿತ್ರೆಯನ್ನು ಬರೆಯಹೊರಟವನಿಗೆ ಮೊದಲು ಎದುರಾಗುವ ಕಷ್ಟವೇ ಇದು.

ಇಷ್ಟು ಮೌನದ ನಡುವೆ ಒಂದು ಕಲ್ಲು ಮಾತ್ರ ಸ್ಪಷ್ಟವಾಗಿ ಮಾತಾಡುತ್ತದೆ. ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವು ಕಾಳಾಮುಖ ಗುರುಗಳ ಪೀಠವಾಗಿತ್ತು. ಬಿಜ್ಜಳನ ಕಾಲದ, ೧೧೬೨ರ ಶಾಸನವೊಂದು ಆ ಮಠವನ್ನು ಬಹು ವಿಸ್ತಾರವಾಗಿ ವರ್ಣಿಸಿದೆ. ನಾಲ್ಕು ವೇದಗಳ, ವ್ಯಾಕರಣಗಳ, ದರ್ಶನಗಳ, ಪುರಾಣಗಳ ಅಧ್ಯಯನ ಅಲ್ಲಿ ನಡೆಯುತ್ತಿತ್ತು. ಬೌದ್ಧ ದರ್ಶನಕ್ಕೂ ಅಲ್ಲಿ ಸ್ಥಳವಿತ್ತು. ದೀನರಿಗೂ ಅನಾಥರಿಗೂ, ಕುಂಟರು ಕುರುಡರು ಕಿವುಡರಿಗೂ, ಹಾಡುವವರಿಗೂ ಕುಣಿಯುವವರಿಗೂ, ಬೇರೆ ಬೇರೆ ಮತಗಳ ಸಂನ್ಯಾಸಿಗಳಿಗೂ ಅನ್ನ ದೊರೆಯುತ್ತಿತ್ತು. ಇದಿಷ್ಟೇ ಆಗಿದ್ದರೆ ಅದನ್ನು ಒಂದು ವಿದ್ಯಾಪೀಠವೆಂದೂ ಅನ್ನಛತ್ರವೆಂದೂ ಹೇಳಿ ಮುಗಿಸಬಹುದಾಗಿತ್ತು. ಶಾಸನವು ಇನ್ನೆರಡು ವಿಶೇಷಣಗಳನ್ನು ಕೂಡಿಸುತ್ತದೆ: ದಿಕ್ಕಿಲ್ಲದ ರೋಗಿಗಳಿಗೆ ಅದು ಔಷಧ ದೊರೆಯುವ ಸ್ಥಾನ, ಸಕಲ ಜೀವಿಗಳಿಗೂ ಅಭಯ ದೊರೆಯುವ ಸ್ಥಾನ.

ಅಲ್ಲಿಗೆ ಬಂದ ರೋಗಿಗಳಲ್ಲಿ ಮನಸ್ಸು ಕೆಟ್ಟವರೂ ಇದ್ದರೆಂದು ಶಾಸನವು ಹೇಳುವುದಿಲ್ಲ. ಇಲ್ಲದ ಮಾತನ್ನು ಕಲ್ಲಿನ ಬಾಯಿಂದ ಹೊರಡಿಸುವುದು ಚರಿತ್ರಕಾರನ ಧರ್ಮವಲ್ಲ. ಆದರೆ ಔಷಧವನ್ನೂ ಅಭಯವನ್ನೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಹೇಳಿದ ಆ ಬುದ್ಧಿ ಗಮನಾರ್ಹವಾದುದು. ಏಕೆಂದರೆ ಆ ಕಾಲದ ವೈದ್ಯಶಾಸ್ತ್ರಕ್ಕೆ ಮನಸ್ಸೂ ವಿಷಯವಾಗಿಯೇ ಇತ್ತು. ಚರಕ ಸಂಹಿತೆಯು ಚಿಕಿತ್ಸೆಯನ್ನು ಮೂರು ವಿಧವಾಗಿ ವಿಂಗಡಿಸುತ್ತದೆ: ದೈವವನ್ನು ಆಶ್ರಯಿಸಿದುದು, ಯುಕ್ತಿಯಿಂದ ಆಹಾರೌಷಧಗಳನ್ನು ಯೋಜಿಸುವುದು, ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದಕ್ಕೆ ಸೆಳೆಯುವುದು. ಈ ಮೂರನೆಯದಕ್ಕೆ ‘ಸತ್ತ್ವಾವಜಯ’ವೆಂದು ಹೆಸರು. ರೋಗವನ್ನು ಬೆಳೆಸುವ ಸಂಗತಿಗಳಲ್ಲಿ ವಿಷಾದವೇ ಮುಖ್ಯವಾದುದೆಂದು ಅದೇ ಗ್ರಂಥವು ಎಣಿಸುತ್ತದೆ. ಪಾಶ್ಚಾತ್ಯರಲ್ಲಿಯೂ ಗ್ರೀಕ್ ವೈದ್ಯರು ಈ ಮಂಕಿಗೆ ಕರಿಯ ಪಿತ್ತವು ಕಾರಣವೆಂದು ಬಗೆದು ಅದರಿಂದಲೇ ಹೆಸರನ್ನೂ ಕೊಟ್ಟಿದ್ದರು. ೧೬೨೧ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬರ್ಟನ್ ಎಂಬ ಪಂಡಿತನು ಆ ಒಂದೇ ವಿಷಯವನ್ನು ಕುರಿತು ಒಂದು ಮಹಾಗ್ರಂಥವನ್ನು ಪ್ರಕಟಿಸಿದನು. ಪೂರ್ವಪಶ್ಚಿಮಗಳೆರಡರಲ್ಲಿಯೂ ಪ್ರಾಚೀನರು ಈ ವ್ಯಾಧಿಯನ್ನು ಕಂಡಿದ್ದರು. ಅದನ್ನು ಅಳೆಯುವ ಸಾಧನ ಮಾತ್ರ ಅವರಲ್ಲಿರಲಿಲ್ಲ.

ಬಳ್ಳಿಗಾವೆಯ ವೈಭವವು ಕಾಲಕ್ರಮದಲ್ಲಿ ಅಡಗಿತು, ಮಠವೂ ಹಾಳಾಯಿತು. ಅನೇಕ ಶತಮಾನಗಳ ತರುವಾಯ, ಮೈಸೂರು ಸೀಮೆ ಕಮಿಷನರ ಆಡಳಿತದಲ್ಲಿದ್ದಾಗ, ೧೮೪೭ರಲ್ಲಿ ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆಯು ಸ್ಥಾಪನೆಯಾಯಿತು. ಅದು ಮುಖ್ಯವಾಗಿ ಊರಿಗೆ ಹೊರಟು ಉಪದ್ರವ ಮಾಡುವವರನ್ನು ಕೂಡಿಡುವ ಸ್ಥಳ. ಮಂಕು ಕವಿದವನಾದರೋ ಯಾರಿಗೂ ಉಪದ್ರವ ಕೊಡುವುದಿಲ್ಲ, ಮೂಲೆಯಲ್ಲಿ ಕುಳಿತಿರುತ್ತಾನೆ. ಸೊರಬದ ಮನೆಯ ಮೂಲೆಯಲ್ಲಿ ಕುಳಿತವನನ್ನು ಬೆಂಗಳೂರಿಗೆ ಒಯ್ಯಬೇಕೆಂದು ಯಾರಿಗೆ ತಾನೆ ತೋರೀತು? ಇಪ್ಪತ್ತನೆಯ ಶತಮಾನದಲ್ಲಿ ಆ ಸಂಸ್ಥೆಗೆ ಮಾನಸಿಕ ಆಸ್ಪತ್ರೆಯೆಂಬ ಹೆಸರು ಬಂದಿತು. ಹೊಸ ಕಟ್ಟಡಗಳು ಬಂದುವು. ೧೯೫೪ರಲ್ಲಿ ಅದರ ಆವರಣದಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಹುಟ್ಟಿತು. ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ೧೯೫೫ರಿಂದ ಅಲ್ಲಿ ಮನೋವೈದ್ಯರಿಗೆ ಮಾತ್ರವಲ್ಲದೆ, ಔಷಧ ಕೊಡದೆ ಪರೀಕ್ಷೆಯಿಂದಲೂ ಸಂಭಾಷಣೆಯಿಂದಲೂ ಚಿಕಿತ್ಸೆ ಮಾಡತಕ್ಕ ಮನಶ್ಶಾಸ್ತ್ರಜ್ಞರಿಗೂ ಶಿಕ್ಷಣವು ಆರಂಭವಾಯಿತು. ೧೯೭೪ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದುಗೂಡಿ ಇಂದಿನ ‘ನಿಮ್ಹಾನ್ಸ್’ ಆಯಿತು.

ಆಕಾಶವಾಣಿಗೂ ಮನಶ್ಶಾಸ್ತ್ರಕ್ಕೂ ಇರುವ ಒಂದು ನಂಟನ್ನು ಇಲ್ಲಿ ನೆನೆಯದಿದ್ದರೆ ಕೃತಘ್ನತೆಯಾದೀತು. ೧೯೩೫ರಲ್ಲಿ ಮೈಸೂರಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ೩೦ ವ್ಯಾಟ್ ಶಕ್ತಿಯ ಯಂತ್ರವನ್ನಿಟ್ಟು ಮೊದಲು ಪ್ರಸಾರ ಮಾಡಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಲಂಡನ್ನಿನಲ್ಲಿ ಸ್ಪಿಯರ್ಮನ್ ಪಂಡಿತನ ಬಳಿ ಕಲಿತು ಬಂದು ಮೈಸೂರಿನಲ್ಲಿ ಆ ಶಾಸ್ತ್ರದ ಪ್ರಯೋಗಶಾಲೆಯನ್ನು ಕಟ್ಟಿದವರು. ಮನಸ್ಸನ್ನು ಅಳೆಯಬಹುದೆಂದು ನಂಬಿದವರೇ ದೂರದ ಮನೆಗೆ ಮಾತನ್ನು ಮುಟ್ಟಿಸಬಹುದೆಂದೂ ನಂಬಿದರು. ಈ ಎರಡು ನಂಬಿಕೆಗಳೂ ಇಂದಿನ ನಮ್ಮ ವಿಷಯಕ್ಕೆ ಬೇಕಾದುವು.

ಈಗ ೧೯೫೭ನೆಯ ಇಸವಿಗೆ ಬರೋಣ. ಆ ವರ್ಷ ಸೊರಬ ತಾಲ್ಲೂಕಿನ ಹೆಸರಿಲ್ಲದ ಒಂದು ಮೂಲೆ ಜಗತ್ತಿನ ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಸೇರಿತು. ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದುವು. ಕಾಡಿಗೆ ಹೋಗಿ ಬಂದವರಿಗೆ ಘೋರವಾದ ಜ್ವರ ಬಂದಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದರು. ಸತ್ತ ಮಂಗಗಳನ್ನೂ ಉಣ್ಣೆಗಳನ್ನೂ ಪರೀಕ್ಷಿಸಿದರು. ರೋಗಕಾರಕವಾದ ವೈರಸನ್ನು ಬೇರ್ಪಡಿಸಿದರು. ಅದಕ್ಕೆ ‘ಕ್ಯಾಸನೂರು ಕಾಡಿನ ಕಾಯಿಲೆ’ ಎಂಬ ಹೆಸರು ನಿಂತಿತು. ನಮ್ಮವರು ಮಂಗನ ಕಾಯಿಲೆ ಎನ್ನುತ್ತಾರೆ. ಅದೇ ೧೯೫೭ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಸರೋವರದ ತೀರದ ಮ್ಯೂನ್‌ಸ್ಟರ್ಲಿಂಗನ್ ಆಸ್ಪತ್ರೆಯ ರೋಲಂಡ್ ಕೂನ್ ಎಂಬ ವೈದ್ಯನು ಇಮಿಪ್ರಮೀನ್ ಎಂಬ ಔಷಧದಿಂದ ಖಿನ್ನರಾದ ರೋಗಿಗಳು ಚೇತರಿಸಿಕೊಳ್ಳುವರೆಂದು ಪ್ರಕಟಿಸಿದನು. ಬೇರೊಂದು ಮನೋರೋಗಕ್ಕೆಂದು ಪರೀಕ್ಷಿಸುತ್ತಿದ್ದ ಔಷಧವದು. ಆ ರೋಗಕ್ಕೆ ಉಪಯೋಗಕ್ಕೆ ಬಾರದೆ ಈ ವ್ಯಾಧಿಗೆ ಹಿಡಿಯಿತು. ಹತ್ತೊಂಬತ್ತು ವರ್ಷಗಳ ಹಿಂದೆ, ೧೯೩೮ರಲ್ಲಿ, ರೋಮ್ ನಗರದಲ್ಲಿ ಆರಂಭವಾಗಿದ್ದ ವಿದ್ಯುಚ್ಚಿಕಿತ್ಸೆಯು ತೀವ್ರವಾದ ಖಿನ್ನತೆಗೆ ಫಲಕಾರಿಯೆಂದು ಆಗಲೇ ಕಂಡುಬಂದಿತ್ತು. ಇನ್ನು ಮಾತ್ರೆಯೂ ಸಿಕ್ಕಿತು.

ಒಂದೇ ವರ್ಷದ ಈ ಎರಡು ಸಂಗತಿಗಳನ್ನು ಜೊತೆಗಿಟ್ಟು ನೋಡಿದರೆ ನನಗೆ ವ್ಯಸನವಾಗುತ್ತದೆ. ಮಂಗನ ಕಾಯಿಲೆ ಕಣ್ಣಿಗೆ ಕಾಣುತ್ತಿತ್ತು. ಆದುದರಿಂದ ಪುಣೆಯಿಂದ ವಿಜ್ಞಾನಿಗಳು ಸೊರಬದ ಕಾಡಿಗೆ ಬಂದರು. ಮಂಕು ಕಣ್ಣಿಗೆ ಕಾಣದು. ಆದುದರಿಂದ ಅದಕ್ಕೆ ದೊರೆತ ಔಷಧವು ಅದೇ ಸೊರಬದ ಮನೆಗಳಿಗೆ ಬರುವುದಕ್ಕೆ ಎಷ್ಟೋ ದಶಕಗಳು ಬೇಕಾದುವು. ಅದರ ಒಂದು ಉದಾಹರಣೆಯನ್ನು ನಾನು ನಮ್ಮ ಮನೆಯಲ್ಲಿಯೇ ಕಂಡೆ.

ಸೊರಬ ಸೀಮೆಯ ಒಂದು ಹಳ್ಳಿಯಲ್ಲಿ ನನ್ನ ಸೋದರತ್ತೆಯ ಮನೆ. ಅಡಿಕೆ ತೋಟದ ಮನೆ. ಕೊಯ್ಲಿನ ಕಾಲದಲ್ಲಿ ರಾತ್ರಿ ಜಗಲಿಯ ಮೇಲೆ ಮೆಟ್ಟುಗತ್ತಿಯ ಮುಂದೆ ಕುಳಿತರೆ ಅತ್ತೆಯಷ್ಟು ಬೇಗ ಅಡಿಕೆ ಸುಲಿಯುವವರು ಆ ಕೇರಿಯಲ್ಲಿಯೇ ಇರಲಿಲ್ಲ. ಸುಮಾರು ೨೫ ವರ್ಷಗಳ ಕೆಳಗೆ, ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದಾಗ, ಅವರು ಒಂದು ಕೊಯ್ಲಿನಲ್ಲಿ ಜಗಲಿಗೆ ಬರಲಿಲ್ಲ. ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮೈ ನೋವೆಂದರು, ತಲೆ ಭಾರವೆಂದರು. ಪೇಟೆಯ ವೈದ್ಯರೊಬ್ಬರು ನಿಶ್ಶಕ್ತಿಯೆಂದು ಟಾನಿಕ್ ಕೊಟ್ಟರು. ಗಾಳಿ ಸೋಕಿರಬೇಕೆಂದು ತಾಯಿತ ಕಟ್ಟಿಸಿದರು. ಚಂದ್ರಗುತ್ತಿಯ ದೇವಿಗೆ ಹರಕೆ ಹೊತ್ತರು. ತಿಂಗಳುಗಳು ಕಳೆದ ಮೇಲೆ, ಮೈಗಳ್ಳತನವೆಂಬ ಮಾತೂ ಮನೆಯಲ್ಲಿ ಹುಟ್ಟಿತು. ನಾನಾದರೋ ಇಂಗ್ಲಿಷ್ ಪುಸ್ತಕಗಳನ್ನು ಓದಿದವನೆಂಬ ಠೀವಿಯಿಂದ ಅವರಿಗೆ ನಾಲ್ಕು ಪುಟದ ಕಾಗದ ಬರೆದೆ: ಧೈರ್ಯ ತಂದುಕೊಳ್ಳಿ, ಒಳ್ಳೆಯದನ್ನು ಯೋಚಿಸಿ, ಮನಸ್ಸು ಮಾಡಿದರೆ ಎಲ್ಲವೂ ಆಗುತ್ತದೆ, ಎಂದು.

ಹೀಗೆ ಎರಡು ವರ್ಷ ಹೋಯಿತು. ಕೊನೆಗೆ ನೆಂಟರೊಬ್ಬರು ಹಟ ಹಿಡಿದು ಶಿವಮೊಗ್ಗದ ಮನೋವೈದ್ಯರ ಬಳಿಗೆ ಕರೆದುಕೊಂಡು ಹೋದರು. ಮಾತ್ರೆ ಆರಂಭವಾಗಿ ಐದಾರು ವಾರವಾದ ಮೇಲೆ ಒಂದು ಸಂಜೆ ಅತ್ತೆ ಒಳಗಿಂದಲೇ, ‘ಹಂಡೆಗೆ ಅಡಿಕೆ ಹಾಕಿದಿರಾ?’ ಎಂದು ಕೇಳಿದರಂತೆ. ಮನೆಯವರೆಲ್ಲ ಅತ್ತರಂತೆ. ವಾಸಿಯಾಯಿತಲ್ಲ ಎಂದು ನಾಲ್ಕನೆಯ ತಿಂಗಳಿಗೆ ಔಷಧವನ್ನು ನಿಲ್ಲಿಸಿದರು; ವರ್ಷ ತುಂಬುವುದರೊಳಗೆ ಮಂಕು ಮತ್ತೆ ಕವಿಯಿತು. ಗುಣ ಕಂಡ ಮೇಲೂ ಕಡಿಮೆಯೆಂದರೆ ಆರು ತಿಂಗಳವರೆಗೆ ಚಿಕಿತ್ಸೆಯನ್ನು ಮುಂದುವರಿಸಬೇಕೆಂಬ ಸಂಗತಿ ನಮಗೆ ತಿಳಿದುದು ಆ ಪೆಟ್ಟಿನ ಮೇಲೆಯೇ. ಬಹಳ ಕಾಲದ ತರುವಾಯ ನನ್ನ ಆ ಕಾಗದದ ವಿಷಯವನ್ನು ಅವರಲ್ಲಿ ಕೇಳಿದೆ. ‘ನೀನು ಬರೆದದ್ದೆಲ್ಲ ಸರಿ ಮಾರಾಯ. ಏಳಬೇಕೆಂದು ನನಗೂ ಗೊತ್ತಿತ್ತು. ಏಳುವುದಕ್ಕೇ ಆಗುತ್ತಿರಲಿಲ್ಲ. ನಿನ್ನ ಕಾಗದ ಓದಿ, ಅದೂ ನನ್ನದೇ ತಪ್ಪು ಎಂದುಕೊಂಡೆ’ ಎಂದರು. ಮನಶ್ಶಾಸ್ತ್ರದ ಯಾವ ಗ್ರಂಥವೂ ನನಗೆ ಇಷ್ಟು ಸ್ಪಷ್ಟವಾಗಿ ಪಾಠ ಹೇಳಿಲ್ಲ.

ಅತ್ತೆಯ ಆ ಮಾತಿನಲ್ಲಿಯೇ ಇಪ್ಪತ್ತನೆಯ ಶತಮಾನದ ಒಂದು ದೊಡ್ಡ ಸಂಶೋಧನೆ ಅಡಗಿದೆ. ಅಮೆರಿಕದ ಫಿಲಡೆಲ್ಫಿಯದ ಆರನ್ ಬೆಕ್ ಎಂಬ ವೈದ್ಯನು ಮೊದಲು ಫ್ರಾಯ್ಡನ ಅನುಯಾಯಿ. ಖಿನ್ನತೆಯೆಂದರೆ ಒಳಮುಖವಾಗಿ ತಿರುಗಿದ ಕೋಪವೆಂಬ ಗುರುವಿನ ಸಿದ್ಧಾಂತವನ್ನು ಸಾಧಿಸಬೇಕೆಂದು ಅವನು ರೋಗಿಗಳ ಕನಸುಗಳನ್ನು ಶೋಧಿಸಿದನು. ಅಲ್ಲಿ ಕೋಪವು ಸಿಕ್ಕಲಿಲ್ಲ. ಸೋಲೂ ನಷ್ಟವೂ ಸಿಕ್ಕಿದುವು. ಎಚ್ಚರದಲ್ಲಿಯೂ ‘ನಾನು ಅಯೋಗ್ಯ, ಜಗತ್ತು ನಿಷ್ಕರುಣಿ, ಮುಂದೆ ಏನೂ ಇಲ್ಲ’ ಎಂಬ ಯೋಚನೆಗಳು ಕರೆಯದೆಯೇ ಬಂದು ನಿಲ್ಲುವುದನ್ನು ಅವನು ಕಂಡನು. ೧೯೬೧ರಲ್ಲಿ ೨೧ ಪ್ರಶ್ನೆಗಳ ಒಂದು ಮಾನಕವನ್ನು ಪ್ರಕಟಿಸಿದನು. ಮಂಕಿನ ಆಳವನ್ನು ಅಂಕಿಗಳಲ್ಲಿ ಅಳೆಯುವುದು ಅದರಿಂದ ಸಾಧ್ಯವಾಯಿತು. ಆಮೇಲೆ, ಆ ಯೋಚನೆಗಳನ್ನು ರೋಗಿಯೂ ಚಿಕಿತ್ಸಕನೂ ಜೊತೆಯಾಗಿ ಕುಳಿತು ಸಾಕ್ಷ್ಯವಿಟ್ಟು ಪರೀಕ್ಷಿಸತಕ್ಕ ಕ್ರಮವೊಂದನ್ನು ರೂಪಿಸಿದನು. ಇದು ಉಪದೇಶವಲ್ಲ. ‘ಒಳ್ಳೆಯದನ್ನು ಯೋಚಿಸು’ ಎನ್ನುವುದಕ್ಕೂ ‘ಈ ಯೋಚನೆ ನಿಜವೇ, ನೋಡೋಣ’ ಎನ್ನುವುದಕ್ಕೂ ನನ್ನ ಕಾಗದಕ್ಕೂ ಚಿಕಿತ್ಸೆಗೂ ಇರುವಷ್ಟೇ ಅಂತರವುಂಟು.

ಇದೆಲ್ಲ ಪರದೇಶದ ಮಾತಾಯಿತು, ನಮ್ಮ ಹಳ್ಳಿಗಳಿಗೆ ಇದು ಸಲ್ಲುವುದೇ ಎಂದು ಕೇಳುವವರುಂಟು. ಆ ಪ್ರಶ್ನೆಯನ್ನು ನಮ್ಮ ನಾಡಿನಲ್ಲಿಯೇ ಶಾಸ್ತ್ರೀಯವಾಗಿ ಎತ್ತಿಕೊಂಡವರಿದ್ದಾರೆ. ಕರಾವಳಿಯ ಕೋಟದಲ್ಲಿ ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಮನೋವೈದ್ಯರು ಹಳ್ಳಿಗರ ಮನೋವ್ಯಥೆಯನ್ನು ಪರಿಶೀಲಿಸಿ ೧೯೭೬ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಭಾರತದ ಜನರ ಮಾತಿಗೆ ಹೊಂದುವ ಪ್ರಶ್ನಾವಳಿಯನ್ನು ಮೊದಲು ಸಿದ್ಧಪಡಿಸಿಕೊಂಡರು. ವೈದ್ಯ, ಮಂತ್ರವಾದಿ, ಪಾತ್ರಿ ಇವರ ಬಳಿಗೂ ಡಾಕ್ಟರ ಬಳಿಗೂ ಜನರು ಏಕಕಾಲದಲ್ಲಿ ಹೋಗುತ್ತಿದ್ದುದನ್ನು ಕಂಡರು. ಅದನ್ನು ಹಳಿಯದೆ ಅರ್ಥಮಾಡಿಕೊಳ್ಳಲು ಯತ್ನಿಸಿದರು. ನಮ್ಮ ಮನೆಯವರು ತಾಯಿತ, ಟಾನಿಕ್, ಹರಕೆ ಎಂದು ಸುತ್ತಿದುದು ಮೌಢ್ಯವೆಂಬುದಕ್ಕಿಂತ ಹೆಚ್ಚಾಗಿ ಹುಡುಕಾಟವೆಂಬುದು ನನಗೆ ಆ ಗ್ರಂಥದಿಂದ ಹೊಳೆಯಿತು.

ಬೆಕ್ಕನ ಕ್ರಮದ ಒಂದು ಭಾಗವು ಕ್ರಿಯೆಗೆ ಸಂಬಂಧಪಟ್ಟುದು. ಉತ್ಸಾಹ ಬಂದ ಮೇಲೆ ಕೆಲಸವೆಂದು ಕಾಯದೆ, ಸಣ್ಣದೊಂದು ಕೆಲಸವನ್ನು ಹೊತ್ತು ಗೊತ್ತುಮಾಡಿ ಆರಂಭಿಸುವುದು. ಉತ್ಸಾಹವು ಅದರ ಹಿಂದೆ ಬರುತ್ತದೆ. ಈ ಉಪಾಯವನ್ನು ಗೋವೆಯ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷಿಸಿದರು. ಚಿಕಿತ್ಸೆ ಕೊಟ್ಟವರು ಮನೋವೈದ್ಯರಲ್ಲ; ತರಬೇತಿ ಪಡೆದ ಸಾಮಾನ್ಯ ಜನರು. ೨೦೧೭ರಲ್ಲಿ ಫಲವು ಪ್ರಕಟವಾಯಿತು: ಮೂರು ತಿಂಗಳಿನಲ್ಲಿ, ಈ ಚಿಕಿತ್ಸೆ ದೊರೆತವರಲ್ಲಿ ನೂರಕ್ಕೆ ೬೪ ಮಂದಿ ಚೇತರಿಸಿಕೊಂಡಿದ್ದರು; ದೊರೆಯದವರಲ್ಲಿ ೩೯ ಮಂದಿ. ವೈದ್ಯರು ವಿರಳವಾಗಿರುವ ತಾಲ್ಲೂಕುಗಳಿಗೆ ಇದಕ್ಕಿಂತ ಆಶಾದಾಯಕವಾದ ಸುದ್ದಿ ಬೇರೊಂದಿಲ್ಲ.

ಏಕೆಂದರೆ ಕೊರತೆ ಸಣ್ಣದಲ್ಲ. ನಿಮ್ಹಾನ್ಸ್ ಸಂಸ್ಥೆಯು ೨೦೧೫–೧೬ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಂತೆ, ಪ್ರಾಪ್ತವಯಸ್ಕರಾದ ಇಪ್ಪತ್ತು ಜನರಲ್ಲಿ ಒಬ್ಬರು ಒಮ್ಮೆಯಾದರೂ ಖಿನ್ನತೆಗೆ ತುತ್ತಾಗಿರುತ್ತಾರೆ. ಅಂಥ ವ್ಯಥೆಯುಳ್ಳ ನೂರು ಮಂದಿಯಲ್ಲಿ ಸುಮಾರು ೮೫ ಮಂದಿಗೆ ಚಿಕಿತ್ಸೆಯೇ ಮುಟ್ಟುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಯತ್ನಗಳು ನಡೆಯದೆ ಇಲ್ಲ. ಶಿವಮೊಗ್ಗದ ಮನೋವೈದ್ಯರಾಗಿದ್ದ, ೨೦೧೬ರಲ್ಲಿ ತೀರಿಕೊಂಡ ಡಾಕ್ಟರ್ ಅಶೋಕ್ ಪೈಯವರು ಬರಹಗಳಿಂದಲೂ, ೧೯೮೮ರ ‘ಕಾಡಿನ ಬೆಂಕಿ’ಯಂಥ ಚಲಚ್ಚಿತ್ರಗಳಿಂದಲೂ ಈ ವಿಷಯವನ್ನು ಮನೆಮಾತಾಗಿಸಿದರು. ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ವೈದ್ಯರು ತೀವ್ರ ಮನೋರೋಗಿಗಳಿಗೆ ಅವರ ಊರಿನ ಬಳಿಯಲ್ಲಿಯೇ ಚಿಕಿತ್ಸೆ ಕೊಡಬಹುದೆಂಬುದನ್ನು ತೋರಿಸಿದರು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವನನ್ನು ಅಪರಾಧಿಯೆಂದೆಣಿಸದೆ ತೀವ್ರ ವ್ಯಥೆಯಲ್ಲಿರುವವನೆಂದು ಎಣಿಸಬೇಕೆಂದಿತು. ೨೦೨೨ರಿಂದ ೧೪೪೧೬ ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಸಲಹೆ ಪಡೆಯತಕ್ಕ ಅನುಕೂಲವೂ ಆಗಿದೆ.

ಆದರೆ ಕಾಯಿದೆಯೂ ದೂರವಾಣಿಯೂ ಮಾತ್ರೆಯೂ ಮನೆಯ ಬಾಗಿಲವರೆಗೆ ಬರಬಲ್ಲುವೇ ಹೊರತು, ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದವರ ಬಳಿಗೆ ಹೋಗತಕ್ಕವರು ಮನೆಯವರೇ. ಕೋಡಿಯ ಮಠದ ಶಾಸನವು ಔಷಧದ ಪಕ್ಕದಲ್ಲಿ ಅಭಯವನ್ನಿಟ್ಟಿತು. ಔಷಧವನ್ನು ಈ ಎಂಟುನೂರ ಅರವತ್ತು ವರ್ಷಗಳಲ್ಲಿ ನಾವು ಬಹಳ ಉತ್ತಮಪಡಿಸಿದ್ದೇವೆ. ಅಭಯವೆಂದರೆ, ‘ಇದು ನಿನ್ನ ತಪ್ಪಲ್ಲ’ ಎಂದು ಹೇಳಿ ಕೈ ಹಿಡಿದು ವೈದ್ಯನ ಬಳಿಗೆ ಕರೆದೊಯ್ಯುವುದು. ಅದನ್ನು ನಾನು ಅತ್ತೆಗೆ ಕೊಡಬೇಕಾದಾಗ ಕೊಡಲಿಲ್ಲ. ಅವರು ಈಗ ಚೆನ್ನಾಗಿದ್ದಾರೆ. ಕಳೆದ ಕೊಯ್ಲಿನಲ್ಲಿಯೂ ಮೆಟ್ಟುಗತ್ತಿಯ ಮುಂದೆ ಕುಳಿತಿದ್ದರು. ಕಳೆದುಹೋದ ಆ ಎರಡು ಕೊಯ್ಲುಗಳು ಮಾತ್ರ ಹಿಂದಕ್ಕೆ ಬರಲಿಲ್ಲ. ತಮ್ಮ ಮನೆಗಳಲ್ಲಿಯೂ ನೆರೆಯಲ್ಲಿಯೂ ಯಾರಾದರೂ ಹಾಗೆ ಮಂಕಾಗಿ ಮಲಗಿದ್ದರೆ, ನಾನು ಬರೆದಂಥ ಕಾಗದವನ್ನು ತಾವು ಬರೆಯದಿರಬೇಕೆಂದು ಬೇಡಿ ಈ ಭಾಷಣವನ್ನು ಮುಗಿಸುತ್ತೇನೆ.